ಬೆನ್ನಿಗೆ ಬಂದ ಪಾತ್ರ

ನಾನು ಒಟ್ಟು ಹನ್ನೊಂದು ಸಿನಿಮಾಗಳಲ್ಲಿ ನಟಿಸಿದ್ದೇನೆ. ಅವುಗಳಲ್ಲಿ ನಾಲ್ಕು ಬಿಡುಗಡೆಯಾದವು. ವಿಮರ್ಶಕರೊಬ್ಬರು ನನ್ನ ಅಭಿನಯವನ್ನು ಮೆಚ್ಚಿ ಬರೆದದ್ದು ಒಮ್ಮೆ ಮಾತ್ರ. ಆ ಮೆಚ್ಚುಗೆಯೂ ಬೇರೊಬ್ಬರ ಖಾತೆಗೆ ಹೋಯಿತು. ಏಕೆಂದರೆ ಆ ದೃಶ್ಯದಲ್ಲಿ ನನ್ನ ಮುಖ ಇರಲಿಲ್ಲ, ಬೆನ್ನು ಮಾತ್ರ ಇತ್ತು.

ನಡೆದದ್ದು ಇಷ್ಟು. ಆ ಚಿತ್ರದ ನಾಯಕರ ಕಾಲ್‌ಶೀಟ್ ಮುಗಿದಿತ್ತು. ಕೊನೆಯ ಕಂತಿನ ಹಣ ಕೈಗೆ ಬರುವವರೆಗೆ ಸೆಟ್ಟಿಗೆ ಕಾಲಿಡುವುದಿಲ್ಲವೆಂದು ಅವರು, ಅವರು ಬಂದು ಚಿತ್ರ ಮುಗಿಯುವವರೆಗೆ ಹಣ ಹುಟ್ಟುವುದಿಲ್ಲವೆಂದು ನಿರ್ಮಾಪಕರು, ಇಬ್ಬರೂ ಹಟ ಹಿಡಿದು ಕುಳಿತಿದ್ದರು. ಬಾಕಿ ಇದ್ದದ್ದು ಒಂದೇ ದೃಶ್ಯ, ಅದೂ ಕ್ಲೈಮ್ಯಾಕ್ಸ್ ಮುಗಿದ ಮೇಲಿನದು: ನಾಯಕ ಎಲ್ಲವನ್ನೂ ಕಳೆದುಕೊಂಡು ಖಾಲಿ ರಸ್ತೆಯಲ್ಲಿ ನಡೆಯಬೇಕು. ಚಿತ್ರಕಥೆಯಲ್ಲಿ ಅವನು ನಮ್ಮತ್ತ ನಡೆದು ಬರುತ್ತಿದ್ದ. ನಿರ್ದೇಶಕರು ಒಂದು ರಾತ್ರಿ ನಿದ್ದೆಗೆಟ್ಟು ಯೋಚಿಸಿ ಅವನನ್ನು ಆಚೆ ಕಡೆಗೆ ತಿರುಗಿಸಿದರು. ಮರುದಿನ ಸಹ ನಿರ್ದೇಶಕರು ಯೂನಿಟ್ಟಿನ ಗಂಡಸರನ್ನೆಲ್ಲ ಗೋಡೆಯತ್ತ ಮುಖ ಮಾಡಿಸಿ ಸಾಲಾಗಿ ನಿಲ್ಲಿಸಿ, ಕೈಕಟ್ಟಿಕೊಂಡು ನಮ್ಮ ಹಿಂದೆ ಮೂರು ಸಲ ಓಡಾಡಿದರು. ಮೊದಲು ಆಯ್ಕೆಯಾದದ್ದು ವ್ಯಾನಿನ ಚಾಲಕರ ಬೆನ್ನು. ಅದು ನನ್ನ ಬೆನ್ನಿಗಿಂತ ಚೆನ್ನಾಗಿತ್ತೆಂದು ನಾನೂ ಒಪ್ಪುತ್ತೇನೆ. ಆದರೆ ಸಂಜೆಯ ದೃಶ್ಯಕ್ಕೆ ದೀಪಗಳನ್ನು ಬಾಡಿಗೆಗೆ ತರುವ ಶಕ್ತಿ ಯಾರಿಗೂ ಉಳಿದಿರಲಿಲ್ಲ. ವ್ಯಾನಿನ ಹೆಡ್‌ಲೈಟ್ ಬೆಳಕನ್ನೇ ನೆಚ್ಚಿಕೊಂಡಿದ್ದರು. ನಾಯಕ ಮುಂದೆ ಮುಂದೆ ಹೋದಂತೆ ವ್ಯಾನ್ ಹಿಂದೆ ಹಿಂದೆ ಮೆಲ್ಲಗೆ ಬರಬೇಕು, ಅದನ್ನು ಓಡಿಸಲು ಚಾಲಕರು ಬೇಕು. ಹೀಗೆ ನಾನು ನಾಯಕನಾದೆ.

ಈ ಕೆಲಸಕ್ಕೆ ಒಂದು ಹೆಸರೇ ಇದೆಯೆಂದು ತಿಳಿದದ್ದು ಎಷ್ಟೋ ವರ್ಷಗಳ ನಂತರ, ಬ್ರೂಸ್ ಕ್ಯಾಂಪ್‌ಬೆಲ್ ಎಂಬ ಅಮೆರಿಕದ ನಟನ ಬಗ್ಗೆ ಓದುವಾಗ. ಅಗ್ಗದ ಭಯಾನಕ ಚಿತ್ರಗಳಲ್ಲಿ ಏಟು ತಿನ್ನುತ್ತಲೇ ಹೆಸರು ಮಾಡಿದ ಮನುಷ್ಯ ಆತ. ತಾನು ಎರಡನೆಯ ದರ್ಜೆಯ ಸಿನಿಮಾಗಳ ನಟ ಎಂಬುದನ್ನು ಹೆಗಲ ಮೇಲಿನ ಶಾಲಿನಂತೆ ಹೊದ್ದು 2001ರಲ್ಲಿ ಆತ್ಮಕಥೆಯನ್ನೂ ಬರೆದ. ಅವನ ಗೆಳೆಯರ ಬಳಗದಲ್ಲಿ, ಇಲ್ಲದ ನಟನ ಬದಲಿಗೆ ಬೆನ್ನನ್ನೋ ಕೈಯನ್ನೋ ಎರವಲು ಕೊಡುವವನಿಗೆ 'ಫೇಕ್ ಶೆಂಪ್' ಎನ್ನುತ್ತಿದ್ದರು. ಶೆಂಪ್ ಹೋವರ್ಡ್ 'ತ್ರೀ ಸ್ಟೂಜಸ್' ಹಾಸ್ಯ ತಂಡದ ಮೂವರಲ್ಲಿ ಒಬ್ಬರು. 1955ರ ನವೆಂಬರ್‌ನಲ್ಲಿ ಅವರು ತೀರಿಕೊಂಡಾಗ ಒಪ್ಪಂದದಂತೆ ಇನ್ನೂ ನಾಲ್ಕು ಕಿರುಚಿತ್ರಗಳನ್ನು ಕೊಡುವುದಿತ್ತು. ಸಾವು ಒಪ್ಪಂದವನ್ನು ಮುರಿಯಲಿಲ್ಲ. ಹಳೆಯ ಚಿತ್ರಗಳ ತುಣುಕುಗಳನ್ನು ಹೆಕ್ಕಿ, ನಡುನಡುವೆ ಜೋ ಪಾಲ್ಮಾ ಎಂಬ ನಟನನ್ನು ಮುಖ ಕಾಣದಂತೆ ನಿಲ್ಲಿಸಿ, ನಾಲ್ಕನ್ನೂ ಮುಗಿಸಿ 1956ರಲ್ಲಿ ಬಿಡುಗಡೆ ಮಾಡಿದರು. ಶೆಂಪ್ ತೀರಿಕೊಂಡ ಮೇಲೆ ನಾಲ್ಕು ಚಿತ್ರಗಳಲ್ಲಿ ನಟಿಸಿದರು. ನಾನು ಬದುಕಿದ್ದೂ ಏಳು ಚಿತ್ರಗಳಲ್ಲಿ ತೆರೆಗೆ ಬರಲಿಲ್ಲ.

ಅದೇ 1956ರ ಆಗಸ್ಟ್‌ನಲ್ಲಿ, ಒಂದು ಕಾಲಕ್ಕೆ ಡ್ರಾಕುಲಾ ಆಗಿ ಜಗತ್ತನ್ನೇ ಹೆದರಿಸಿದ್ದ ಬೇಲಾ ಲುಗೋಸಿ ತೀರಿಕೊಂಡರು. ನಿರ್ದೇಶಕ ಎಡ್ ವುಡ್ ಕೈಯಲ್ಲಿ ಅವರ ಕೆಲವೇ ನಿಮಿಷಗಳ ಚಿತ್ರೀಕರಣವಿತ್ತು. ಬೇರೆಯವರಾದರೆ ಅದನ್ನು ನೆನಪಿಗೆಂದು ಇಟ್ಟುಕೊಳ್ಳುತ್ತಿದ್ದರು. ವುಡ್ ಅದರ ಸುತ್ತ ಒಂದು ಪೂರ್ತಿ ಸಿನಿಮಾ ಕಟ್ಟಿದ. ಉಳಿದ ದೃಶ್ಯಗಳಿಗೆ ತನ್ನ ಹೆಂಡತಿಗೆ ಚಿಕಿತ್ಸೆ ಕೊಡುತ್ತಿದ್ದ ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆಯ ಚಿಕಿತ್ಸಕ, ಒಬ್ಬರನ್ನು ಲುಗೋಸಿಯನ್ನಾಗಿ ಮಾಡಿದ. ಆತ ಲುಗೋಸಿಗಿಂತ ಎತ್ತರ, ಚಹರೆಯಲ್ಲಿ ಹೋಲಿಕೆ ಲವಲೇಶವೂ ಇಲ್ಲ. ಚಿತ್ರದುದ್ದಕ್ಕೂ ಕರಿ ನಿಲುವಂಗಿಯನ್ನು ಮೂಗಿನ ಮಟ್ಟಕ್ಕೆ ಎತ್ತಿ ಹಿಡಿದುಕೊಂಡೇ ಓಡಾಡಿದರು. ಈ ಪ್ರಸಂಗವನ್ನು ಓದಿದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ವೃತ್ತಿ ಮಾತ್ಸರ್ಯ ಏಳುತ್ತದೆ. ಬೆನ್ನಿನ ವಿಷಯವನ್ನು ಓದಿ ತಿಳಿದವರು ಅವರು. ಅವರಾದರೂ ಬೆನ್ನು ತೋರಿಸಬಹುದಿತ್ತಲ್ಲ.

ದೊಡ್ಡ ಚಿತ್ರಕ್ಕೂ ಸಣ್ಣ ಚಿತ್ರಕ್ಕೂ ಇರುವ ವ್ಯತ್ಯಾಸ ಕತೆಯಲ್ಲಿ ಇಲ್ಲ, ಕಲೆಯಲ್ಲಂತೂ ಖಂಡಿತ ಇಲ್ಲ. ದೊಡ್ಡ ಚಿತ್ರದಲ್ಲಿ ನಟನಿಗೂ ಕಷ್ಟಕ್ಕೂ ನಡುವೆ ಹಣ ನಿಂತಿರುತ್ತದೆ: ಬೀಳಲು ಡೂಪ್, ಬಿದ್ದಲ್ಲಿ ಮೆತ್ತೆ, ಕಾಯಲು ಕುರ್ಚಿ, ಬಿಸಿಲಿಗೆ ಕೊಡೆ. ಸಣ್ಣ ಚಿತ್ರದಲ್ಲಿ ಇವನ್ನೆಲ್ಲ ಒಂದೊಂದಾಗಿ ಕಳೆಯುತ್ತ ಬಂದರೆ ಕೊನೆಗೆ ಉಳಿಯುವುದು ನಟನ ಮೈ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಗಾದೆ ಅಲ್ಲಿ ನಡೆಯುವುದಿಲ್ಲ. ಹಾಸಿಗೆ ಇರುವುದೇ ಇಲ್ಲ, ಬರಿನೆಲದ ಮೇಲೆ ಉದ್ದಕ್ಕೆ ಮಲಗಿರುವುದು ನಟ. ಕ್ಯಾಮೆರಾ ಬಾಡಿಗೆಯದು, ಗೀರು ಬಿದ್ದರೆ ಅದರ ಒಡೆಯ ಲೆಕ್ಕ ಕೇಳುತ್ತಾನೆ. ದೀಪ ಬಾಡಿಗೆಯದು, ಜನರೇಟರ್ ಬಾಡಿಗೆಯದು. ನನಗೆ ಗೀರು ಬಿದ್ದರೆ ಕೇಳುವವರು ಯಾರು? ಹನಿ ಮಳೆ ಬಿದ್ದ ಕೂಡಲೇ ಇಡೀ ಸೆಟ್ಟಿನಲ್ಲಿದ್ದ ಒಂದೇ ಕೊಡೆ ಕ್ಯಾಮೆರಾದ ನೆತ್ತಿಯ ಮೇಲೆ ಬಿಚ್ಚಿಕೊಳ್ಳುವುದನ್ನು ನೋಡಿದ ದಿನ ನನಗೆ ನನ್ನ ಸ್ಥಾನ ಸ್ಪಷ್ಟವಾಯಿತು. ಬೇಸರವೇನೂ ಆಗಲಿಲ್ಲ. ಕ್ಯಾಮೆರಾ ನಿಜವಾಗಿಯೂ ನನಗಿಂತ ಬೆಲೆಬಾಳುವುದಾಗಿತ್ತು.

ನನ್ನ ಮೊದಲ ಚಿತ್ರದಲ್ಲಿ ನಾನು ಮೂರು ಸಲ ಸತ್ತೆ. ನಾಯಕ ಒಂಬತ್ತು ಮಂದಿ ದುಷ್ಟರನ್ನು ಹೊಡೆದುರುಳಿಸಬೇಕಿತ್ತು. ದುಷ್ಟರಾಗಿ ಬಂದವರು ನಾಲ್ವರು. ನಿರ್ದೇಶಕರ ಉಪಾಯ ಸರಳವಾಗಿತ್ತು: ಏಟು ತಿಂದು ಬಿದ್ದವನು ಫ್ರೇಮಿನಿಂದ ಆಚೆ ತೆವಳಿ, ಅಂಗಿ ಬದಲಿಸಿ, ಮೀಸೆ ಅಂಟಿಸಿಕೊಂಡು, ಎದುರು ಬದಿಯಿಂದ ಕಿರುಚುತ್ತ ಓಡಿ ಬರಬೇಕು. ಎರಡನೆಯ ಸಾವಿಗೆ ಮೀಸೆ, ಮೂರನೆಯದಕ್ಕೆ ಮೀಸೆಯ ಜೊತೆಗೆ ಗಡ್ಡ. ಅಷ್ಟರಲ್ಲಿ ಸಹ ನಿರ್ದೇಶಕರಿಗೆ ಒಂದು ಅನುಮಾನ ಹುಟ್ಟಿತು: ಮೊದಲು ಸತ್ತವನ ಹೆಣ ಎಲ್ಲಿ? ಪ್ರೇಕ್ಷಕ ಕೇಳುವುದಿಲ್ಲವೇ? ತಕ್ಷಣ ನನ್ನ ಮೊದಲ ಅಂಗಿಯನ್ನು ಒಂದು ಮರಳಿನ ಚೀಲಕ್ಕೆ ತೊಡಿಸಿ, ನಾನು ಬಿದ್ದ ಜಾಗದಲ್ಲಿಯೇ ಬೋರಲು ಮಲಗಿಸಿದರು. ಸಿದ್ಧಗೊಂಡ ಚಿತ್ರವನ್ನು ನಿಧಾನಿಸಿ ನೋಡಿದರೆ ಒಂದು ಅಪೂರ್ವ ದೃಶ್ಯ ಕಣ್ಣಿಗೆ ಬೀಳುತ್ತದೆ. ಗಡ್ಡ ಬಿಟ್ಟ ನಾನು, ಗಡ್ಡವಿಲ್ಲದ ನನ್ನ ಹೆಣವನ್ನು ದಾಟಿಕೊಂಡು ಸಾಯಲು ಓಡುತ್ತಿರುತ್ತೇನೆ. ವೇದಾಂತಿಗಳು ಇದರಲ್ಲಿ ಏನಾದರೂ ಅರ್ಥ ಕಂಡರೆ ನನ್ನ ಅಭ್ಯಂತರವಿಲ್ಲ.

ಹೆಣದ ಪಾತ್ರವನ್ನು ಹಗುರವಾಗಿ ಕಾಣುವವರು ಒಮ್ಮೆ ಮಾಡಿ ನೋಡಬೇಕು. ಹೊಸಬರು ಮಾಡುವ ಮೊದಲ ತಪ್ಪೆಂದರೆ ಕಣ್ಣನ್ನು ಬಿಗಿಯಾಗಿ ಮುಚ್ಚುವುದು. ಬಿಗಿದಷ್ಟೂ ರೆಪ್ಪೆ ಅದುರುತ್ತದೆ. ನಿದ್ದೆ ಬಂದವರಂತೆ ಸಡಿಲವಾಗಿ ಮುಚ್ಚಬೇಕು. ಎರಡನೆಯ ತಪ್ಪು, ಎದೆ ತುಂಬ ಗಾಳಿ ಎಳೆದುಕೊಂಡು ಉಸಿರು ಕಟ್ಟುವುದು. ಆಗ ಹೆಣ ಉಬ್ಬಿಕೊಂಡು, ಈಗಲೋ ಆಗಲೋ ಸಿಡಿಯುವಂತೆ ಕಾಣುತ್ತದೆ. ಅರ್ಧ ಉಸಿರು ಬಿಟ್ಟು ಅಲ್ಲಿಗೆ ನಿಲ್ಲಿಸಬೇಕು. ಇದನ್ನೆಲ್ಲ ನಾನು ಶ್ರದ್ಧೆಯಿಂದ ಕಲಿತೆ. ಆದರೆ ಕಲಿಯಲಾಗದ ಸಂಗತಿಯೊಂದಿದೆ. ಹೆಣದ ಮುಂದೆ ಅಳುವ ನಟಿಗೆ ನಿರ್ದೇಶಕರು ದುಃಖದ ಸೂಕ್ಷ್ಮಗಳನ್ನು ವಿವರಿಸತೊಡಗಿದರೆ, ಹೆಣ ಏನು ಮಾಡಬೇಕು? ಎದ್ದು ಕುಳಿತರೆ ಹಣೆಯ ಮೇಲಿನ ರಕ್ತ ಮೂಗಿಗೆ ಹರಿದು ಕಂಟಿನ್ಯುಟಿ, ಅಂದರೆ ಒಂದು ಶಾಟಿಗೂ ಮುಂದಿನದಕ್ಕೂ ಇರಬೇಕಾದ ಹೊಂದಿಕೆ, ಕೆಡುತ್ತದೆ. ಹಾಗಾಗಿ ಮಲಗಿಯೇ ಕೇಳಿದೆ. ಅಂದು ದುಃಖದ ಬಗ್ಗೆ ನಾನು ಕಲಿತಷ್ಟನ್ನು ಆಕೆ ಕಲಿತಿರಲಿಕ್ಕಿಲ್ಲ. ಆಕೆಗೆ ನಡುವೆ ಎದ್ದು ಹೋಗುವ ಅನುಕೂಲವಿತ್ತು.

ರಕ್ತದ ವಿಷಯ ಬಂತು. ಕಪ್ಪು ಬಿಳುಪಿನ ಕಾಲದವರು ಪುಣ್ಯವಂತರು. 1968ರ 'ನೈಟ್ ಆಫ್ ದ ಲಿವಿಂಗ್ ಡೆಡ್' ಚಿತ್ರದಲ್ಲಿ ರಕ್ತವಾಗಿ ಹರಿದದ್ದು ಚಾಕೊಲೇಟ್ ಸಿರಪ್. ಆ ಚಿತ್ರದ ನಿರ್ಮಾಪಕರಲ್ಲಿ ಇಬ್ಬರು ತಾವೇ ಪಾತ್ರಗಳನ್ನೂ ಮಾಡಿದ್ದರು. ಸಂಬಳ ಕೇಳದ ನಟ ಬೇಕೆಂದರೆ ಸಂಬಳ ಕೊಡಬೇಕಾದವನನ್ನೇ ಕ್ಯಾಮೆರಾದ ಮುಂದೆ ನಿಲ್ಲಿಸುವುದು ಒಳ್ಳೆಯ ದಾರಿ. ಬಣ್ಣದ ಚಿತ್ರಗಳಲ್ಲಿ ಸಕ್ಕರೆಯ ಪಾಕಕ್ಕೆ ಕೆಂಪು ಬಣ್ಣ ಕಲಸುತ್ತಾರೆ. ಅದು ನೋಡಲು ಚೆನ್ನ, ಹರಿಯುವುದೂ ಚೆನ್ನ. ಒಣಗಿದ ಮೇಲೆ ಅದರ ನಿಜವಾದ ಗುಣ ಗೊತ್ತಾಗುತ್ತದೆ. ಮೈಮೇಲಿನ ಕೂದಲು, ಅಂಗಿಯ ನೂಲು, ಕುಳಿತ ಕುರ್ಚಿ ಎಲ್ಲವೂ ಒಂದೇ ಕುಟುಂಬವಾಗುತ್ತವೆ. ಸತ್ತು ಬಿದ್ದ ಹತ್ತು ನಿಮಿಷದೊಳಗೆ ಇರುವೆಗಳಿಗೆ ಸುದ್ದಿ ಮುಟ್ಟುತ್ತದೆ. ಕಿವಿಯ ಹಿಂದೆ ಉಳಿದ ಕೆಂಪು ಎಷ್ಟು ತಿಕ್ಕಿದರೂ ಹೋಗದೆ, ನಾನು ಒಂದು ವಾರ ಕಚೇರಿಯಲ್ಲಿ ಬಲಗಡೆಗೆ ಮುಖ ತಿರುಗಿಸಿಕೊಂಡೇ ಕೆಲಸ ಮಾಡಿದ್ದೇನೆ.

ಇದನ್ನು ಹಿರಿಮೆಯೆಂದು ಹೇಳಿಕೊಳ್ಳುವ ಧೈರ್ಯ ಇಲ್ಲ, ಏಕೆಂದರೆ ಕ್ಯಾಂಪ್‌ಬೆಲ್ ಅನುಭವಿಸಿದ್ದರ ಮುಂದೆ ನನ್ನ ಕಿವಿ ಏನೂ ಅಲ್ಲ. 1979ರ ನವೆಂಬರ್ 14ರಂದು ಟೆನೆಸಿಯ ಮಾರಿಸ್‌ಟೌನ್ ಬಳಿ, ಕಾಡಿನ ನಡುವಿನ ಒಂದು ಪಾಳು ಮನೆಯಲ್ಲಿ 'ದಿ ಈವಿಲ್ ಡೆಡ್' ಚಿತ್ರೀಕರಣ ಶುರುವಾಯಿತು. ನಿರ್ದೇಶಕ ಸ್ಯಾಮ್ ರೈಮಿ, ನಾಯಕ ಕ್ಯಾಂಪ್‌ಬೆಲ್, ಎಲ್ಲರೂ ಇಪ್ಪತ್ತರ ಆಸುಪಾಸಿನ ಹುಡುಗರು. ಆರು ವಾರದ ಲೆಕ್ಕ ಹಾಕಿ ಹೊರಟದ್ದು ಚಳಿಗಾಲದ ನಡುವಿಗೆ, ಹನ್ನೆರಡು ವಾರಕ್ಕೆ ಹಿಗ್ಗಿತು. ಹೇಳಿದ ವಾರಗಳು ಮುಗಿದಾಗ ಬಹುತೇಕ ನಟರು ಊರಿಗೆ ಹೋದರು. ಅವರ ಜಾಗಕ್ಕೆ ನನ್ನ ಕುಲಬಾಂಧವರಾದ ಶೆಂಪ್‌ಗಳು ಬಂದರು. ದೆವ್ವ ಹಿಡಿದವರ ಕಣ್ಣಿಗೆ ಹಾಕುತ್ತಿದ್ದ ದಪ್ಪ ಗಾಜಿನ ಲೆನ್ಸುಗಳನ್ನು ಕೂರಿಸಲು ಹತ್ತು ನಿಮಿಷ ಬೇಕಿತ್ತು, ಹದಿನೈದು ನಿಮಿಷಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿರಲಿಲ್ಲ. ಕೊನೆಕೊನೆಗೆ ಚಳಿ ತಾಳಲಾರದೆ ಮನೆಯ ಪೀಠೋಪಕರಣಗಳನ್ನೇ ಉರಿಸಿ ಮೈ ಕಾಯಿಸಿಕೊಂಡರು. ಪಾಕದ ರಕ್ತದಲ್ಲಿ ನೆಂದ ಅಂಗಿಯನ್ನು ಕ್ಯಾಂಪ್‌ಬೆಲ್ ಬೆಂಕಿಯ ಬಳಿ ಒಣಗಲು ಇಟ್ಟು ಮತ್ತೆ ತೊಡಲು ಹೋದಾಗ, ಅದು ಗಟ್ಟಿಯಾಗಿ ಮುರಿದೇ ಹೋಯಿತಂತೆ. ಅಂಗಿ ಹರಿಯುವುದನ್ನು ಎಲ್ಲರೂ ಕಂಡಿದ್ದೇವೆ. ಅಂಗಿ ಮುರಿಯಬೇಕಾದರೆ ಬಜೆಟ್ ಬಹಳ ಕಡಿಮೆ ಇರಬೇಕು.

ಅವನು ಇಳಿಜಾರಿನಲ್ಲಿ ಓಡುವಾಗ ಬೇರಿಗೆ ಎಡವಿ ಕಾಲಿಗೆ ಪೆಟ್ಟು ಮಾಡಿಕೊಂಡ. ನಿರ್ದೇಶಕ ಓಡಿ ಬಂದು ಕೈ ಕೊಟ್ಟು ಎಬ್ಬಿಸಿದ ಎಂದು ನೀವು ಊಹಿಸಿದರೆ ನಿಮಗೆ ಸಿನಿಮಾ ಜನರ ಪರಿಚಯ ಇಲ್ಲವೆಂದು ಅರ್ಥ. ರೈಮಿ ಕಡ್ಡಿಗಳನ್ನು ಹಿಡಿದು ಬಂದು ಪೆಟ್ಟಾದ ಜಾಗಕ್ಕೆ ಚುಚ್ಚಿ ಚುಚ್ಚಿ ಕಾಡಿದ. ಹೇಳಿ ಕೇಳಿ ಶಾಲಾ ದಿನಗಳ ಗೆಳೆಯರು. ಇಷ್ಟಾದ ಮೇಲೂ, ಚಿತ್ರ ಮುಗಿಸಲು ಹಣ ಸಾಲದೆ ಹೋದಾಗ ಕ್ಯಾಂಪ್‌ಬೆಲ್ ಮಿಶಿಗನ್‌ನಲ್ಲಿದ್ದ ತನ್ನ ಕುಟುಂಬದ ಆಸ್ತಿಯನ್ನು ಸಾಲಕ್ಕೆ ಆಧಾರವಾಗಿ ಇಟ್ಟ. 1981ರ ಅಕ್ಟೋಬರ್ 15ರಂದು ಡೆಟ್ರಾಯಿಟ್‌ನಲ್ಲಿ ಚಿತ್ರ ಮೊದಲ ಬಾರಿಗೆ ತೆರೆ ಕಂಡಿತು. ಏಟು ತಿನ್ನಲು ಮೈಯನ್ನೂ, ಏಟಿನ ಖರ್ಚಿಗೆ ಆಸ್ತಿಯನ್ನೂ ಒದಗಿಸಿದ ನಾಯಕನ ಮುಂದೆ, ಕಾಲ್‌ಶೀಟ್ ಮುಗಿಯಿತೆಂದು ಎದ್ದು ಹೋದ ನಮ್ಮ ನಾಯಕರನ್ನು ಹೋಲಿಸಬಾರದು. ಆದರೂ ಹೋಲಿಸುತ್ತೇನೆ.

ಮೈಯ ಜೊತೆಗೆ ಮನೆಯಿಂದ ಇನ್ನೇನಾದರೂ ತರುವ ನಟನಿಗೆ ಈ ಲೋಕದಲ್ಲಿ ಮರ್ಯಾದೆ ಹೆಚ್ಚು. 1953ರಲ್ಲಿ ಫಿಲ್ ಟಕರ್ ಎಂಬ ನಿರ್ದೇಶಕನಿಗೆ ಭೂಮಿಯನ್ನು ನಾಶಮಾಡಲು ಬರುವ ಯಂತ್ರಮಾನವನೊಬ್ಬ ಬೇಕಿತ್ತು. ಯಂತ್ರಮಾನವನ ವೇಷಕ್ಕೆ ಹಣವಿಲ್ಲ. ಜಾರ್ಜ್ ಬ್ಯಾರೋಸ್ ಎಂಬ ನಟನ ಬಳಿ ಸ್ವಂತದ ಗೊರಿಲ್ಲಾ ವೇಷವಿತ್ತು. ಮುಳುಗುಗಾರರು ತೊಡುವಂಥ ಶಿರಸ್ತ್ರಾಣವನ್ನು ಗೊರಿಲ್ಲಾದ ಮೇಲೆ ಇಟ್ಟರು, ಯಂತ್ರಮಾನವ ಸಿದ್ಧನಾದ. 'ರೋಬೋಟ್ ಮಾನ್ಸ್ಟರ್' ಎಂಬ ಆ ಚಿತ್ರ ನಾಲ್ಕು ದಿನಗಳಲ್ಲಿ ಮುಗಿಯಿತು. ಜಗತ್ತಿನ ಅತಿ ಕೆಟ್ಟ ಚಿತ್ರಗಳ ಪಟ್ಟಿ ಮಾಡುವವರು ಇದನ್ನು ಮರೆಯುವುದಿಲ್ಲ. ನನಗೆ ಮಾತ್ರ ಬಿಸಿಲಿನಲ್ಲಿ, ರೋಮದ ಚೀಲದೊಳಗೆ, ತಲೆಗೆ ಕೊಳಗ ಹಾಕಿಕೊಂಡು, ಪ್ರೀತಿ ಮತ್ತು ಕರ್ತವ್ಯದ ನಡುವೆ ತೊಳಲಾಡುವ ಸಂಭಾಷಣೆಗೆ ಕೈ ಆಡಿಸುತ್ತ ನಿಂತ ಬ್ಯಾರೋಸ್ ನೆನಪಾಗುತ್ತಾರೆ. ಅವರಿಗೆ ಪಾತ್ರ ಸಿಕ್ಕಿದ್ದು ಪ್ರತಿಭೆಯಿಂದಲೋ ಗೊರಿಲ್ಲಾದಿಂದಲೋ ಎಂಬ ಪ್ರಶ್ನೆ ಅವರನ್ನೂ ಎಂದಾದರೂ ಕಾಡಿರಬೇಕು.

ಏಕೆಂದರೆ ನನ್ನನ್ನು ಕಾಡಿದೆ. ನನ್ನ ಬಳಿ ಒಂದು ಕಪ್ಪು ಕೋಟು ಇತ್ತು. ಅದರ ಬಲದಿಂದ ನಾನು ಎರಡು ಚಿತ್ರಗಳಲ್ಲಿ ವಕೀಲನಾದೆ, ಒಂದರಲ್ಲಿ ಬ್ಯಾಂಕ್ ಮ್ಯಾನೇಜರ್, ಇನ್ನೊಂದರಲ್ಲಿ ಮದುವೆ ಮುರಿದು ಹೋಗುವ ವರ. ಐದನೆಯ ಸಲ ಪ್ರೊಡಕ್ಷನ್ ಮ್ಯಾನೇಜರ್ ಕರೆ ಮಾಡಿ, "ನಾಳೆ ಕೋಟು ಬೇಕಾಗಿತ್ತು" ಎಂದರು. ಎಷ್ಟು ಗಂಟೆಗೆ ಬರಲಿ ಎಂದು ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ನೀವು ಬರಬೇಕೆಂದಿಲ್ಲ, ಹುಡುಗನನ್ನು ಕಳಿಸುತ್ತೇನೆ" ಎಂದರು. ಆ ಕೋಟು ಮುಂದೆ ನನ್ನನ್ನು ಬಿಟ್ಟು ಸ್ವತಂತ್ರವಾಗಿ ಬೆಳೆಯಿತು. ಇವತ್ತಿಗೂ ಅದರ ಚಿತ್ರಗಳ ಸಂಖ್ಯೆ ನನ್ನದಕ್ಕಿಂತ ಹೆಚ್ಚು, ಅವುಗಳಲ್ಲಿ ಬಿಡುಗಡೆಯಾದವೂ ಹೆಚ್ಚು.

ಇಂಥ ಸಿನಿಮಾಗಳಿಗೆ ಈ ಸ್ವಭಾವ ಬಂದದ್ದಕ್ಕೆ ಒಂದು ಹಳೆಯ ಲೆಕ್ಕಾಚಾರವೂ ಕಾರಣ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಮೆರಿಕದ ಚಿತ್ರಮಂದಿರಗಳು ಒಂದೇ ಟಿಕೆಟ್ಟಿಗೆ ಎರಡು ಚಿತ್ರ ತೋರಿಸತೊಡಗಿದವು. ದೊಡ್ಡ ಚಿತ್ರಕ್ಕೆ ಟಿಕೆಟ್ ಹಣದಲ್ಲಿ ಪಾಲು. ಜೊತೆಗೆ ಬರುವ ಸಣ್ಣದಕ್ಕೆ, ಅಂದರೆ 'ಬಿ' ಚಿತ್ರಕ್ಕೆ, ಮೊದಲೇ ಗೊತ್ತುಪಡಿಸಿದ ಬಾಡಿಗೆ. ಚಿತ್ರ ಚೆನ್ನಾಗಿದ್ದರೂ ಅಷ್ಟೇ, ಕೆಟ್ಟದಾಗಿದ್ದರೂ ಅಷ್ಟೇ. ಬರುವ ಹಣ ಮೊದಲೇ ಗೊತ್ತಿದ್ದರೆ ಲಾಭ ಮಾಡಲು ಇರುವುದು ಒಂದೇ ದಾರಿ, ಹೋಗುವ ಹಣವನ್ನು ಕಡಿಮೆ ಮಾಡುವುದು. ಮೊನೊಗ್ರಾಂ, ರಿಪಬ್ಲಿಕ್ ಮುಂತಾದ ಸಣ್ಣ ಸ್ಟುಡಿಯೋಗಳು ಇದೇ ಸೂತ್ರದ ಮೇಲೆ ವಾರಗಟ್ಟಲೆಯ ಕೆಲಸವನ್ನು ದಿನಗಳಿಗೆ ಇಳಿಸಿದವು. ಎರಡು ಚಿತ್ರಗಳ ಪದ್ಧತಿ ಹೋಯಿತು, ಆ ಕೈಚಳಕ ಹೋಗಲಿಲ್ಲ. ಅಗ್ಗದ ಚಿತ್ರಗಳಿಗೆ ಹೆಸರಾದ ನಿರ್ದೇಶಕ ರೋಜರ್ ಕೊರ್ಮನ್ 1960ರಲ್ಲಿ ಒಂದು ಹಾಸ್ಯಚಿತ್ರದ ಮುಖ್ಯ ಚಿತ್ರೀಕರಣವನ್ನು ಎರಡು ದಿನ, ಒಂದು ರಾತ್ರಿಯಲ್ಲಿ ಮುಗಿಸಿದರು. ಇನ್ನೊಮ್ಮೆ, ಒಂದು ಚಿತ್ರದ ಸೆಟ್ಟು ಇನ್ನೂ ಕೆಡವಿಲ್ಲ, ಭಯಾನಕ ಚಿತ್ರಗಳ ನಟ ಬೋರಿಸ್ ಕಾರ್ಲಾಫ್ ಅವರ ಕಾಲ್‌ಶೀಟಿನ ಕೆಲವು ದಿನಗಳು ಇನ್ನೂ ಉಳಿದಿವೆ ಎಂದು ಗೊತ್ತಾದ ಕೂಡಲೇ, ಕತೆ ಪೂರ್ತಿಯಾಗಿ ಕೈಗೆ ಬರುವ ಮೊದಲೇ ಮತ್ತೊಂದು ಚಿತ್ರ ಶುರು ಮಾಡಿದರು. ಉಳಿದ ಸೆಟ್ಟು, ಉಳಿದ ಕಾರ್ಲಾಫ್. ಹಿಂದಿನ ದಿನದ್ದನ್ನು ವ್ಯರ್ಥ ಮಾಡದ ಗೃಹಿಣಿಯ ಬುದ್ಧಿ ಇದು, ನನಗೆ ಗೌರವವಿದೆ.

ನಮ್ಮ ನಿರ್ಮಾಪಕರು ಕೊರ್ಮನ್ ಹೆಸರು ಹೇಳುತ್ತಿದ್ದದ್ದು ಬೇರೆ ಸಂದರ್ಭದಲ್ಲಿ. ಹೊಸ ನಟ ಸಂಭಾವನೆಯ ಮಾತೆತ್ತಿದರೆ ಸಾಕು, ಹಾಲಿವುಡ್ ತಾರೆ ಜ್ಯಾಕ್ ನಿಕಲ್ಸನ್ ಕೂಡ ಕೊರ್ಮನ್ ಚಿತ್ರದಲ್ಲಿ ದಂತವೈದ್ಯನ ಕುರ್ಚಿಯಲ್ಲಿ ಕುಳಿತು ನೋವನ್ನು ಆನಂದಿಸುವ ರೋಗಿಯ ಪುಟ್ಟ ಪಾತ್ರ ಮಾಡಿದ್ದರು, ಆಮೇಲೆ ಏನಾದರು ನೋಡಿ ಎನ್ನುತ್ತಿದ್ದರು. ಅದಕ್ಕೂ ಬಗ್ಗದಿದ್ದರೆ ಜಾನ್ ವೇಯ್ನ್. ಆತ 1930ರಲ್ಲಿ ದೊಡ್ಡ ಚಿತ್ರವೊಂದರಲ್ಲಿ ನಾಯಕನಾಗಿ, ಅದು ಸೋತು, 1939ರವರೆಗೆ ಅಗ್ಗದ ಕೌಬಾಯ್ ಚಿತ್ರಗಳಲ್ಲೇ ಕುದುರೆ ಓಡಿಸಿ, ಆಮೇಲಷ್ಟೇ ದೊಡ್ಡ ತಾರೆಯಾದರು. ಎರಡೂ ನಿಜ. ಆದರೆ ಈ ಉದಾಹರಣೆಗಳಲ್ಲಿ ಒಂದು ಮೋಸವಿದೆ. ಅವು ಸಣ್ಣ ಚಿತ್ರವನ್ನು ಮೆಟ್ಟಿಲು ಎಂದು ತೋರಿಸುತ್ತವೆ. ವೇಯ್ನ್ ಜೊತೆ ಆ ಒಂಬತ್ತು ವರ್ಷ ಕುದುರೆಯಿಂದ ಬಿದ್ದವರ, ನಿಕಲ್ಸನ್ ಪಕ್ಕದ ಕುರ್ಚಿಯಲ್ಲಿ ಕಾದವರ ಹೆಸರು ಯಾರಿಗೂ ನೆನಪಿಲ್ಲ. ನಮ್ಮಲ್ಲಿ ಬಹಳ ಮಂದಿಗೆ ಅದು ಮೆಟ್ಟಿಲಾಗಿರಲಿಲ್ಲ, ಅದೇ ಮನೆಯಾಗಿತ್ತು. ಮನೆಯೆಂದು ತಿಳಿದು ಬದುಕಿದವರು ಸುಖವಾಗಿದ್ದರು. ಮೆಟ್ಟಿಲೆಂದು ತಿಳಿದು ನಿಂತೇ ಇದ್ದವರಿಗೆ ಕಾಲು ನೋವು ಬಂತು.

ತಾರೆಯರ ಆತ್ಮಕಥೆಗಳು ನನಗೆ ರುಚಿಸದಿರುವುದಕ್ಕೆ ಹೊಟ್ಟೆಕಿಚ್ಚು ಮಾತ್ರ ಕಾರಣವಲ್ಲ, ಅದೂ ಒಂದು ಕಾರಣ. ಆ ಪುಸ್ತಕಗಳಲ್ಲಿ ಎಲ್ಲ ನಿರ್ದೇಶಕರೂ ಪ್ರತಿಭಾವಂತರು, ಎಲ್ಲ ಸಹನಟರೂ ಸಜ್ಜನರು. ಇನ್ನೂ ಆ ಕೇರಿಯಲ್ಲಿ ಓಡಾಡಬೇಕಾದವರು ಹಾಗೆ ಬರೆಯದೆ ವಿಧಿಯಿಲ್ಲ. ಸಣ್ಣ ನಟನಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಜೊತೆಗೆ, ಅವನಿಗೆ ಎಲ್ಲ ನೆನಪಿರುತ್ತದೆ. ಡೂಪ್ ಬಿದ್ದ ಬೀಳನ್ನು ನಾಯಕ ಮರೆಯಬಹುದು. ತಾನೇ ಬಿದ್ದವನ ಮೊಣಕಾಲು ಪ್ರತಿ ಚಳಿಗಾಲದಲ್ಲೂ ನೆನಪಿಸುತ್ತದೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನಾನೂ ತಾರೆಯರಂತೆಯೇ ಬರೆದ ಹಾಗಾಗುತ್ತದೆ. ಮೂರು ಸಲ ಸಾಯುವ ಆ ಹೊಡೆದಾಟದಲ್ಲಿ ನನ್ನ ಜೊತೆಗಿದ್ದ ಒಬ್ಬ ಗೆಳೆಯ ಗೋಡೆಯಿಂದ ಹಿಂದಕ್ಕೆ ಬೀಳಬೇಕಿತ್ತು. ಕೆಳಗೆ ಹಾಸಬೇಕಿದ್ದ ಮೆತ್ತೆಗಳಲ್ಲಿ ಒಂದನ್ನು ಕ್ಯಾಮೆರಾದ ಅಡಿಗೆ ಸರಿಸಿದ್ದರು, ಎತ್ತರ ಸಾಲದೆಂದು. ಅವನು ಬಿದ್ದ. ಮುಂಗೈ ಮುರಿಯಿತು. ನೋವಿನಿಂದ ಕೂಗಿದ್ದು ಬಹಳ ಸಹಜವಾಗಿ ಬಂದಿದೆಯೆಂದು ಆ ಟೇಕನ್ನೇ ಉಳಿಸಿಕೊಂಡರು. ಯಾವುದೇ ವಿಮೆ ಇರಲಿಲ್ಲ. ಆಸ್ಪತ್ರೆಯ ಹಣವನ್ನು ನಾವು ಮೂವರು ದುಷ್ಟರು ಕೂಡಿಸಿ ಕಟ್ಟಿದೆವು. ಈಗ ಅವನು ಆ ಕತೆ ಹೇಳುವುದನ್ನು ಕೇಳಬೇಕು. ಮೆತ್ತೆಯ ಭಾಗ ಬಂದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತೇವೆ, ಅವನೂ ನಗುತ್ತಾನೆ. ಆ ಕೈ ಪೂರ್ತಿ ತಿರುಗುವುದಿಲ್ಲ. ಕತೆ ಹೇಳುವಾಗ ಅದನ್ನು ಬೆನ್ನ ಹಿಂದೆ ಇಟ್ಟುಕೊಂಡಿರುತ್ತಾನೆ.

ನನ್ನ ಬೆನ್ನಿಗೆ ಮರಳುತ್ತೇನೆ. ಚಿತ್ರೀಕರಣದ ಸ್ಥಳದಲ್ಲಿ ಮಾತು ದಾಖಲಿಸುವ ಸೌಕರ್ಯವಿಲ್ಲದ ಚಿತ್ರ ಅದು, ಎಲ್ಲವೂ ಆಮೇಲೆ ಡಬ್ಬಿಂಗ್. ಸಂಭಾಷಣೆ ಬರೆದವರು ಬರುವುದು ತಡವಾದರೆ ನಾವು ಒಂದು, ಎರಡು, ಮೂರು ಎಂದು ಎಣಿಸುತ್ತ ತುಟಿ ಆಡಿಸುತ್ತಿದ್ದೆವು. ತಾಯಿಯ ಮುಂದೆ ಮಗ ಕಣ್ಣೀರಿಡುವ ದೃಶ್ಯದಲ್ಲಿ ನಲವತ್ತೇಳರವರೆಗೆ ಹೋದ ದಾಖಲೆ ನನ್ನದು. ಹಾಗಾಗಿ ಕೊನೆಯ ದೃಶ್ಯದಲ್ಲಿ ಬೆನ್ನಿಗೆ ಮಾತಿಲ್ಲವೆಂದು ನಿರಾಳವಾಗಿದ್ದೆ. ಆಗ ಸಹ ನಿರ್ದೇಶಕರು ನಾಯಕರ ಉಡುಪಿನ ಪೆಟ್ಟಿಗೆ ತಂದು ಮುಂದಿಟ್ಟರು. ಅಂಗಿ ಸರಿಹೊಂದಿತು. ಪ್ಯಾಂಟನ್ನು ಪಿನ್ನುಗಳಿಂದ ಒಪ್ಪಿಸಿದರು. ಶೂ ಮಾತ್ರ ಎರಡು ನಂಬರ್ ಚಿಕ್ಕದು. ಕಂದು ಬಣ್ಣದ, ಬಿಳಿ ಹೊಲಿಗೆಯ ಆ ಶೂಗಳನ್ನು ನಾಯಕರು ಇಡೀ ಚಿತ್ರದಲ್ಲಿ ತೊಟ್ಟಿದ್ದರು, ನಡುವಿನ ಒಂದು ದೃಶ್ಯದಲ್ಲಿ ಅವುಗಳದ್ದೇ ಕ್ಲೋಸ್‌ಅಪ್ ಇತ್ತು. ಬದಲಿಸುವಂತಿಲ್ಲ. ಬೆರಳುಗಳನ್ನು ಒಂದರ ಮೇಲೊಂದು ಮಡಚಿ, ಇಬ್ಬರು ಹಿಡಿದು ಒತ್ತಿ, ನನ್ನ ಪಾದಗಳನ್ನು ಒಳಗೆ ಸೇರಿಸಿದರು.

ನಾನು ನಡೆದೆ. ನೆಟ್ಟಗೆ ಹೆಜ್ಜೆ ಹಾಕಲು ಆಗುತ್ತಿರಲಿಲ್ಲ. ಒಂದೊಂದು ಹೆಜ್ಜೆಗೂ ಹೆಗಲು ಕುಸಿಯುತ್ತಿತ್ತು, ನಡುವೆ ಒಮ್ಮೆ ನಿಂತು ಉಸಿರೆಳೆದುಕೊಂಡೆ, ಮತ್ತೆ ನಡೆದೆ. ಹಿಂದೆ ವ್ಯಾನಿನ ಸದ್ದು. ಅದರ ಆಚೆ ನಿರ್ದೇಶಕರ ದನಿ, "ಅದ್ಭುತ, ಹಾಗೆಯೇ ಹೋಗುತ್ತಿರಿ, ಹೋಗುತ್ತಿ..." ಆಮೇಲೆ ದನಿ ಕೇಳಿಸಲಿಲ್ಲ. ಕಟ್ ಹೇಳಿದ್ದೂ ಕೇಳಿಸಲಿಲ್ಲ. ವ್ಯಾನಿನ ಡೀಸೆಲ್ ತೀರಿತ್ತು. ಬೆಳಕು ಆರಿದ ಮೇಲೂ ನಾನು ಕತ್ತಲೆಯಲ್ಲಿ ಸುಮಾರು ದೂರ ಕುಂಟುತ್ತ ಹೋಗಿದ್ದೆನಂತೆ. ಬೆಳಕು ತಾನಾಗಿ ಆರುತ್ತ ಹೋದ ಆ ಶಾಟ್‌ನ ಮೇಲೆಯೇ 'ಶುಭಂ' ಬಿತ್ತು.

ಚಿತ್ರ ಒಂದು ವಾರ ಓಡಿತು. ಒಂದು ಪತ್ರಿಕೆಯ ಒಳಪುಟದಲ್ಲಿ ವಿಮರ್ಶೆ ಬಂತು. ಕತೆ ಹಳತು, ಹಾಡುಗಳು ಅನಗತ್ಯ, ಹೊಡೆದಾಟದಲ್ಲಿ ಒಬ್ಬನೇ ಮನುಷ್ಯ ಮತ್ತೆ ಮತ್ತೆ ಸಾಯುತ್ತಾನೆ ಎಂದೆಲ್ಲ ಬರೆದು (ಅಷ್ಟರಲ್ಲಿ ನಾನು ನನ್ನ ಹಳೆಯ ಕಸುಬನ್ನು ಇಲ್ಲೂ ಮುಂದುವರಿಸಿದ್ದೆ), ಕೊನೆಯಲ್ಲಿ ನಾಯಕರ ಬಗ್ಗೆ ಎರಡು ಸಾಲು ಇದ್ದವು. ಚಿತ್ರದುದ್ದಕ್ಕೂ ಮುಖದಿಂದ ಸಾಧಿಸಲಾಗದ್ದನ್ನು ಅವರು ಅಂತಿಮ ದೃಶ್ಯದಲ್ಲಿ ಬೆನ್ನಿನಿಂದ ಸಾಧಿಸಿದ್ದಾರೆ ಎಂಬ ಅರ್ಥದ ಸಾಲುಗಳು. ಆ ತುಣುಕನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಮನೆಗೆ ಬಂದವರಿಗೆ ತೋರಿಸಲು ಹೋದರೆ ಮೊದಲು ವ್ಯಾನಿನ ವಿಷಯ, ಆಮೇಲೆ ಶೂ ವಿಷಯ, ಆಮೇಲೆ ಶೆಂಪ್ ವಿಷಯ ಹೇಳಬೇಕಾಗುತ್ತದೆ. ಅಷ್ಟರಲ್ಲಿ ಅವರು ಹೊರಡುವ ಹೊತ್ತಾಗಿರುತ್ತದೆ.

ಕಳೆದ ತಿಂಗಳು ಗೊತ್ತಿಲ್ಲದ ಸಂಖ್ಯೆಯಿಂದ ಕರೆ ಬಂತು. ಆ ಸಹ ನಿರ್ದೇಶಕರು, ಈಗ ನಿರ್ದೇಶಕರು.

"ನಿಮ್ಮ ಬೆನ್ನು ಹೇಗಿದೆ?" ಎಂದರು.

"ತುಂಬ ಹೊತ್ತು ಕುಳಿತರೆ ನೋಯುತ್ತದೆ ಸಾರ್."

"ಅದಲ್ಲ, ನೋಡಲು ಹೇಗಿದೆ?"

ನೋಡಿಲ್ಲ, ಮನೆಯವರನ್ನು ಕೇಳಿ ಹೇಳುತ್ತೇನೆ ಎಂದೆ. ವಿಷಯ ಇಷ್ಟು: ಅದೇ ನಾಯಕರು ಬಹಳ ವರ್ಷಗಳ ನಂತರ ಬಣ್ಣ ಹಚ್ಚುತ್ತಿದ್ದಾರೆ. ಎರಡು ದಿನ ಮಾತ್ರ ಕೊಟ್ಟಿದ್ದಾರೆ. ಉಳಿದ ಹದಿನೆಂಟು ದೃಶ್ಯಗಳಲ್ಲಿ ಅವರು ಕಿಟಕಿಯ ಆಚೆ ನೋಡುತ್ತ, ಕಡಲಿನ ಕಡೆ ನೋಡುತ್ತ, ಬಾಗಿಲು ದಾಟಿ ಹೋಗುತ್ತ ಇರುತ್ತಾರೆ. ನೆತ್ತಿಯ ಹಿಂದೆ ಕೂದಲು ಉದುರಿದೆ ಎಂದು ಮೊದಲೇ ತಿಳಿಸಿದೆ. ಅವರಿಗೂ ಉದುರಿದೆ, ಚಿಂತೆಯಿಲ್ಲ ಎಂದರು. ಸಂಭಾವನೆಯ ಮಾತೆತ್ತಿದಾಗ ಮಾತ್ರ ಆ ಕಡೆ ಸಿಗ್ನಲ್ ಸರಿಯಾಗಿ ಸಿಗಲಿಲ್ಲ. ಆಮೇಲೆ ಸಿಕ್ಕಿತು, ಕಪ್ಪು ಕೋಟು ಇನ್ನೂ ಇದೆಯೇ ಎಂದು ಕೇಳಿದರು. ಇದೆ ಎಂದೆ.

ಒಪ್ಪಿಕೊಂಡೆ. ಆದರೆ ಈ ಸಲ ಶೂ ನನ್ನದೇ ತರುತ್ತೇನೆ, ಅದೊಂದು ಷರತ್ತು ಎಂದೆ.

"ಧಾರಾಳವಾಗಿ ತನ್ನಿ" ಎಂದರು ಅವರು. "ಎರಡು ನಂಬರ್ ಚಿಕ್ಕದಿರಲಿ. ಆ ನಡಿಗೆ ಬೇಕು."